ಇಯರ್‌ಫೋನ್ ಹಾಕಿಕೊಂಡು ಗುಡಿ ಸುತ್ತೋದು: ಹಾಸನ, ಚಿಕ್ಕಮಗಳೂರಿಗೆ ಕನ್ನಡದ ಆಡಿಯೋ ಟೂರ್ ಮಾಡೋಣವಾ?

ಹೊಯ್ಸಳ ಹುಚ್ಚು (ಹಾಸನ)

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿರುವ ನಾವು ಕೆಲವು ಗೆಳೆಯರು ಸೇರಿ ನಮ್ಮ ಕಡೆಯ ಹಳೆಯ ಗುಡಿಗಳಿಗೆ ಕನ್ನಡದಲ್ಲಿ ಆಡಿಯೋ ಟೂರ್ ಮಾಡೋಣ ಅಂತ ಹೊರಟಿದ್ದೇವೆ. ಫೋನಿಗೆ ಇಯರ್‌ಫೋನ್ ಹಾಕಿಕೊಂಡು, ಯಾರ ಹಿಂದೆಯೂ ಓಡದೆ, ನಮ್ಮ ಪಾಡಿಗೆ ನಾವು ಕೇಳುತ್ತಾ ಸುತ್ತುವಂಥದ್ದು. ಬೇಕಾದ ಕಡೆ ನಿಲ್ಲಿಸಬಹುದು, ಇನ್ನೊಂದು ಸಲ ಕೇಳಬಹುದು. ದುಡ್ಡು ಕೊಡಬೇಕಿಲ್ಲ. ಸದ್ಯಕ್ಕೆ ಆ್ಯಪ್ ಕೂಡ ಇಲ್ಲ, ಬರೀ ಎಂಪಿ3 ಫೈಲುಗಳು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು. ಸಂತೋಷವೇ. ಆದರೆ ಬಂದವರಲ್ಲಿ ಎಷ್ಟೋ ಜನ ಒಂದು ಸುತ್ತು ಹಾಕಿ, ಫೋಟೋ ತೆಗೆದು, ಊಟ ಎಲ್ಲಿ ಸಿಗುತ್ತೆ ಅಂತ ಕೇಳಿ ಹೊರಡುತ್ತಾರೆ. ಅವರನ್ನು ಅರ್ಧ ಗಂಟೆ ಜಾಸ್ತಿ ನಿಲ್ಲಿಸಬೇಕು ಅನ್ನೋದು ನಮ್ಮ ಆಸೆ.

ಹಳೇಬೀಡಿಗೆ ಬರೆದ ಮೊದಲ ಕರಡು ಇಲ್ಲಿದೆ:

"ಹೊಯ್ಸಳೇಶ್ವರ ದೇವಾಲಯದ ನಿರ್ಮಾಣವು ಸುಮಾರು 1121ರಲ್ಲಿ ವಿಷ್ಣುವರ್ಧನನ ಆಳ್ವಿಕೆಯಲ್ಲಿ ಪ್ರಾರಂಭವಾಯಿತು. ಅಧಿಕಾರಿ ಕೇತಮಲ್ಲನು ಇದರ ಹೊಣೆ ಹೊತ್ತಿದ್ದನು. ಇದು ಹೊಯ್ಸಳೇಶ್ವರ ಮತ್ತು ಶಾಂತಲೇಶ್ವರ ಎಂಬ ಎರಡು ಗರ್ಭಗುಡಿಗಳುಳ್ಳ ದ್ವಿಕೂಟ ದೇವಾಲಯವಾಗಿದ್ದು, ಎತ್ತರದ ಜಗತಿಯ (ಕಟ್ಟೆಯ) ಮೇಲೆ ಬಳಪದ ಕಲ್ಲಿನಲ್ಲಿ ನಿರ್ಮಿತವಾಗಿದೆ..."

ಹೀಗೇ ಇನ್ನೂ ಏಳೆಂಟು ನಿಮಿಷ ಇದೆ. ಎಲ್ಲಿಂದ ಶುರು ಮಾಡಬೇಕು, ಎಷ್ಟು ಉದ್ದ ಇರಬೇಕು, ಯಾರ ಧ್ವನಿ ಇರಬೇಕು, ಹೇಳಿ. ಬೈದರೂ ಪರವಾಗಿಲ್ಲ.

ಜಾವಗಲ್ ಟೀಚರ್

ಬೈಯೋದಿಲ್ಲ ಸಾರ್. ಆದರೆ ಇದು ನೋಟ್ಸ್ ಆಯಿತು, ಟೂರ್ ಆಗಲಿಲ್ಲ. ನಾನು ಎಲ್ಲಿ ನಿಂತಿದ್ದೇನೆ, ಯಾವ ಕಡೆ ತಿರುಗಬೇಕು ಅನ್ನೋದೇ ಇದರಲ್ಲಿ ಇಲ್ಲವಲ್ಲ. ಇದನ್ನು ಮನೆಯಲ್ಲಿ ಸೋಫಾ ಮೇಲೆ ಕೂತು ಕೇಳಿದರೂ ಒಂದೇ, ಹಳೇಬೀಡಿಗೆ ಹೋಗಿ ಕೇಳಿದರೂ ಒಂದೇ.

ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ನಾನು ಇಸವಿಯಿಂದ ಶುರು ಮಾಡುವುದೇ ಇಲ್ಲ. ಗೋಡೆ ಮುಂದೆ ನಿಲ್ಲಿಸಿ, ಬಗ್ಗಿ ಕೆಳಗಿನ ಸಾಲು ನೋಡಿ ಅನ್ನುತ್ತೇನೆ. ಆನೆಗಳು. ಅದರ ಮೇಲೆ ಸಿಂಹ. ಆಮೇಲೆ ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ. ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ಅಲ್ಲಿಂದ ಮಕರ, ಕೊನೆಗೆ ಹಂಸ. ಮಕ್ಕಳೇ ಎಣಿಸಿ ಹೇಳುತ್ತಾರೆ. ಮಕರದ ಹತ್ತಿರ ಬಂದಾಗ "ಇದರ ಸೊಂಡಿಲು ಯಾವ ಪ್ರಾಣಿಯದು, ಕಾಲು ಯಾವುದರದು, ಬಾಲ ಯಾವುದರದು?" ಅಂತ ಕೇಳಿದರೆ ಮುಗಿಯಿತು, ಹತ್ತು ನಿಮಿಷ ಗಲಾಟೆ.

ಆಡಿಯೋದಲ್ಲೂ ಹಾಗೇ ಮಾಡಿ. ಪ್ರಶ್ನೆ ಕೇಳಿ, ಆಮೇಲೆ ಸುಮ್ನಿರಿ. ನೋಡುವುದಕ್ಕೆ ಬಿಡಿ. "ಈಗ ನಿಲ್ಲಿಸಿ, ಉತ್ತರ ಸಿಕ್ಕ ಮೇಲೆ ಮುಂದಿನ ಫೈಲ್ ಒತ್ತಿ" ಅಂದರೆ ಸಾಕು.

ಕಾಫಿ ಕೋಡರ್ (ಮೂಡಿಗೆರೆ)

ಒಳ್ಳೆ ಕೆಲಸ. ತಾಂತ್ರಿಕ ವಿಷಯ ನಾನು ಹೇಳುತ್ತೇನೆ.

ಒಬ್ಬರ ಮಾತು ತಾನೇ, ಸ್ಟೀರಿಯೋ ಬೇಕಿಲ್ಲ. ಮೋನೋದಲ್ಲಿ 64 ಕೆಬಿಪಿಎಸ್ ಇಟ್ಟರೆ ನಿಮಿಷಕ್ಕೆ ಹೆಚ್ಚುಕಡಿಮೆ ಅರ್ಧ ಎಂಬಿ. 20 ನಿಮಿಷದ ಟೂರ್ 10 ಎಂಬಿ ಒಳಗೇ ಮುಗಿಯುತ್ತದೆ. ವಾಟ್ಸಾಪಿನಲ್ಲಿ ಕಳಿಸಬಹುದು. ಮೊದಲೇ ಇಳಿಸಿಕೊಂಡು ಹೋಗುವ ಹಾಗೆ ಇರಲಿ, ಅಲ್ಲಿ ಹೋಗಿ ಸ್ಟ್ರೀಮ್ ಮಾಡುವ ಲೆಕ್ಕಾಚಾರ ಬೇಡ. ನಮ್ಮ ಕಡೆ ನೆಟ್‌ವರ್ಕ್ ಕಥೆ ನಿಮಗೇ ಗೊತ್ತು. ಮಳೆಗಾಲದಲ್ಲಿ ಕರೆಂಟ್ ಹೋದರೆ ಅದೂ ಹೋಗುತ್ತೆ.

ಜಿಪಿಎಸ್ ನೋಡಿಕೊಂಡು ತಾನಾಗೇ ಆಡಿಯೋ ಶುರುವಾಗುವ ಆ್ಯಪ್‌ಗಳಿವೆ. ಒಂದು ಊರಿಂದ ಇನ್ನೊಂದು ಊರಿಗೆ ಕಾರಿನಲ್ಲಿ ಹೋಗುವಾಗ ಅದು ಚೆನ್ನಾಗಿ ಕೆಲಸ ಮಾಡುತ್ತೆ. ಗುಡಿ ಸುತ್ತ ಮಾತ್ರ ನಂಬಬೇಡಿ. ಬಯಲಿನಲ್ಲೇ ಫೋನಿನ ಜಿಪಿಎಸ್ ಐದಾರು ಮೀಟರ್ ಆಚೆ ಈಚೆ ತೋರಿಸುತ್ತೆ. ಕಲ್ಲಿನ ಗೋಡೆ ಪಕ್ಕ ಇನ್ನೂ ಕಷ್ಟ. ಹಳೇಬೀಡಿನ ಗೋಡೆಯಲ್ಲಿ ಐದು ಮೀಟರ್ ಅಂದರೆ ಒಂದು ದೇವರಿಂದ ಇನ್ನೊಂದು ದೇವರಿಗೆ ಹೋಗಿಬಿಟ್ಟಿರುತ್ತೀರಿ. ಅದಕ್ಕೆ ನಂಬರ್ ಹಾಕಿ, ಕೈಯಲ್ಲೇ ಒತ್ತುವ ಹಾಗೆ ಮಾಡಿ. ಪ್ರತಿ ಫೈಲ್ ಕೊನೆಯಲ್ಲಿ "ಈಗ ಎಡಗಡೆ ಹತ್ತು ಹೆಜ್ಜೆ" ಅಂತ ಹೇಳಿ.

ಇನ್ನೊಂದು. ಕ್ಯೂಆರ್ ಕೋಡ್ ಸ್ಟಿಕ್ಕರನ್ನು ಕಂಬಕ್ಕೋ ಗೋಡೆಗೋ ಅಂಟಿಸುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಟ್ಟುಬಿಡಿ. ಸಂರಕ್ಷಿತ ಸ್ಮಾರಕದ ಅಂದ ಕೆಡಿಸುವುದು 1958ರ ಕಾಯ್ದೆ ಪ್ರಕಾರ ಅಪರಾಧ. ಆವರಣದ ಒಳಗೆ ಏನೇ ಹಾಕಬೇಕಾದರೂ ಪುರಾತತ್ವ ಇಲಾಖೆಯ ಒಪ್ಪಿಗೆ ಬೇಕು. ಊರಿನ ಟೀ ಅಂಗಡಿಯವರನ್ನು ಕೇಳಿ ಅಲ್ಲಿ ಹಾಕಿ. ಅವರಿಗೂ ನಾಲ್ಕು ಕಾಫಿ ಖರ್ಚಾಗುತ್ತೆ.

ಬೇಲೂರು ಬ್ಯಾಡ್ಜ್

ನಾನು ಬೇಲೂರಿನಲ್ಲಿ ಗೈಡ್. ಹೆಸರು ಬೇಡ. ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಪುಕ್ಕಟೆ ಆಡಿಯೋ ಕೊಟ್ಟರೆ ನಮ್ಮ ಹೊಟ್ಟೆಪಾಡು ಏನಾಗಬೇಕು? ಶನಿವಾರ, ಭಾನುವಾರ, ರಜೆ ದಿನಗಳಲ್ಲಿ ನಮಗೆ ಕೆಲಸ. ಮಳೆಗಾಲದ ವಾರದ ದಿನಗಳಲ್ಲಿ ನಾವೂ ಕಂಬ ಎಣಿಸುತ್ತಾ ಕೂತಿರುತ್ತೇವೆ.

ಮತ್ತೆ, ಆಡಿಯೋಗೆ ಮುಖ ನೋಡಿ ಮಾತಾಡೋಕೆ ಬರಲ್ಲ. ವಯಸ್ಸಾದವರು ಸುಸ್ತಾದರೆ ನಾನು ಮೊದಲು ನೆರಳಿಗೆ ಕೂರಿಸುತ್ತೇನೆ. ಮದನಿಕೆಯರು, ಅದೇ ಸೂರಿನ ಕೆಳಗಿನ ಹೆಣ್ಣು ಶಿಲ್ಪಗಳು, ಎಷ್ಟು ಎತ್ತರದಲ್ಲಿದ್ದಾರೆ ಅಂತ ಗೊತ್ತಲ್ಲ. ಬೆರಳು ತೋರಿಸಿ "ಆ ಬಳ್ಳಿ ಕೆಳಗೆ, ಹಲಸಿನ ಹಣ್ಣಿನ ಮೇಲೆ ನೊಣ, ಅದನ್ನು ಹಿಡಿಯೋಕೆ ಹೊಂಚು ಹಾಕಿದ ಹಲ್ಲಿ" ಅಂತ ತೋರಿಸಿಯೂ ಎಷ್ಟೋ ಜನಕ್ಕೆ ಕಾಣೋದಿಲ್ಲ. ಟಾರ್ಚ್ ಬೆಳಕು ಬಿಟ್ಟು ನವರಂಗದ (ಒಳಮಂಟಪದ) ಕಂಬ ತೋರಿಸಬೇಕು. ಇದನ್ನೆಲ್ಲ ನಿಮ್ಮ ಎಂಪಿ3 ಮಾಡುತ್ತಾ?

ಇನ್ನು ಇಯರ್‌ಫೋನ್ ಅಂತ ನೀವು ಹೇಳುತ್ತೀರಿ. ಜನ ಸ್ಪೀಕರ್ ಹಾಕುತ್ತಾರೆ. ಅಲ್ಲಿ ದಿನಾ ಪೂಜೆ ನಡೆಯುತ್ತೆ. ಮಂಗಳಾರತಿ ಹೊತ್ತಿಗೆ ನಾಲ್ಕು ಫೋನು ನಾಲ್ಕು ಇಸವಿ ಕೂಗಿದರೆ ಹೇಗಿರುತ್ತೆ, ನೀವೇ ಯೋಚನೆ ಮಾಡಿ.

ಬೆಂಗಳೂರು ಸೇರಿದ ಹಾಸನದವ

ಗೈಡ್ ಅಣ್ಣನ ಮಾತು ನ್ಯಾಯವಾಗಿದೆ. ಆದರೆ ಎರಡೂ ಕಡೆ ಹೇಳಬೇಕು. ನನಗೆ ಗೈಡ್ ಜೊತೆ ಹೋಗೋದು ಇಷ್ಟ ಇಲ್ಲ. ಜ್ಞಾನದ ಬಗ್ಗೆ ದೂರಿಲ್ಲ. ಅವರಿಗೆ ಮುಂದಿನ ಗುಂಪು ಕಾಯುತ್ತಿರುತ್ತೆ, ನನಗೆ ಒಂದೇ ಶಿಲ್ಪದ ಮುಂದೆ ಅರ್ಧ ಗಂಟೆ ನಿಲ್ಲಬೇಕು ಅನ್ನಿಸುತ್ತೆ. ಅಂಥವರೂ ಇರುತ್ತೇವೆ ಅಲ್ವಾ. ಕೆಲವರಿಗೆ ಪ್ರಶ್ನೆ ಕೇಳೋಕೇ ಸಂಕೋಚ.

ಇದೇನು ಹೊಸ ವಿಷಯವೂ ಅಲ್ಲ. 1952ರಲ್ಲೇ ಆಮ್‌ಸ್ಟರ್‌ಡ್ಯಾಮ್‌ನ ಒಂದು ಮ್ಯೂಸಿಯಂನಲ್ಲಿ ರೇಡಿಯೋ ಮೂಲಕ ಇಂಥದ್ದನ್ನು ಮಾಡಿದ್ದರು. ಜನ ಕಿವಿಗೆ ಯಂತ್ರ ಹಿಡಿದುಕೊಂಡು, ಎಲ್ಲರೂ ಒಟ್ಟಿಗೆ ಒಂದೇ ಕಡೆ ತಿರುಗಿ ಚಿತ್ರ ನೋಡುತ್ತಿದ್ದರಂತೆ. ಹಾಗಂತ ಅಲ್ಲಿ ಮ್ಯೂಸಿಯಂ ಗೈಡ್‌ಗಳು ಇಲ್ಲವಾಗಲಿಲ್ಲ.

ಬೇಲೂರು ಬ್ಯಾಡ್ಜ್

ಅಣ್ಣ, ಆಮ್‌ಸ್ಟರ್‌ಡ್ಯಾಮ್ ಗೈಡ್‌ಗೆ ಸಂಬಳ ಬರುತ್ತೆ.

ಶಾಸನ ಓದುಗ

ಯಾರ ಧ್ವನಿ ಅನ್ನೋದಕ್ಕಿಂತ ಮುಂಚೆ ಏನು ಹೇಳುತ್ತೀರಿ ಅನ್ನೋದು ಇತ್ಯರ್ಥ ಆಗಲಿ. ದಯವಿಟ್ಟು ಜಕಣಾಚಾರಿ ಕಥೆಯನ್ನು ಇತಿಹಾಸ ಅಂತ ಓದಿ ಮುಗಿಸಬೇಡಿ. ಬೇಲೂರಿನ ಗುಡಿಯಲ್ಲಿ ಕೆಲಸ ಮಾಡಿದವರು ತಮ್ಮ ಹೆಸರನ್ನು ತಾವೇ ಕೆತ್ತಿ ಹೋಗಿದ್ದಾರೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಅಪ್ಪ, ಮಗ ಇಬ್ಬರೂ ಮದನಿಕೆಯರನ್ನು ಕೆತ್ತಿದವರು. ಕಾಲು ಪೀಠದ ಹತ್ತಿರ ಆ ಅಕ್ಷರಗಳು ಇವೆ. ಇಂಥ ಸಾಕ್ಷಿ ಕಣ್ಣೆದುರು ಇರುವಾಗ ಅವರನ್ನು ಬಿಟ್ಟು ಒಬ್ಬನೇ ಮಹಾಶಿಲ್ಪಿ ಎಲ್ಲವನ್ನೂ ಮಾಡಿದ ಅಂದರೆ ಅಪ್ಪ ಮಗ ಇಬ್ಬರಿಗೂ ಅನ್ಯಾಯ.

ಮೂಲ ಬೇಕಾದರೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಿವೆ. ಬಿ.ಎಲ್. ರೈಸ್ ತಂದದ್ದು. ಹಾಸನ ಜಿಲ್ಲೆಗೆ 5ನೇ ಸಂಪುಟ, 1902ರದ್ದು. ಚಿಕ್ಕಮಗಳೂರಿಗೆ 6ನೇ ಸಂಪುಟ, 1901ರದ್ದು. ಆಗ ಕಡೂರು ಜಿಲ್ಲೆ ಅನ್ನುತ್ತಿದ್ದರು, ಹುಡುಕುವಾಗ ಅದು ನೆನಪಿರಲಿ. ಶ್ರವಣಬೆಳಗೊಳಕ್ಕೇ ಒಂದು ಸಂಪುಟ ಇದೆ, ಎರಡನೆಯದು. ಹಳೆಯ ಮುದ್ರಣಗಳಿಗೆ ಈಗ ಹಕ್ಕುಸ್ವಾಮ್ಯದ ತೊಡಕಿಲ್ಲ, ಧಾರಾಳವಾಗಿ ಬಳಸಿ.

ಅರಸೀಕೆರೆ ಸಾವಿತ್ರಿ ಮೊಮ್ಮಗಳು

ಓದುಗ ಸಾರ್, ನಿಮ್ಮ ಮಾತು ಸರಿ. ಆದರೆ ಕಥೆ ತೆಗೆದುಬಿಟ್ಟರೆ ನಮ್ಮ ಅಜ್ಜಿ ಎಲ್ಲಿಗೆ ಹೋಗಬೇಕು? ಅವರಿಗೆ ಗುಡಿ ಅಂದರೆ ಆ ಕಥೆಗಳೇ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಮುಂದೆ ನಿಂತು ಕಲ್ಲಿನೊಳಗಿನ ಕಪ್ಪೆ ಕಥೆ ಹೇಳದೆ ಅಜ್ಜಿ ಮುಂದೆ ಹೆಜ್ಜೆ ಇಡೋದಿಲ್ಲ.

ಒಂದು ಉಪಾಯ ಹೇಳಲಾ? ಎರಡು ಧ್ವನಿ ಇರಲಿ. ಶಾಸನದಲ್ಲಿ ಇರೋದನ್ನ, ಕಣ್ಣಿಗೆ ಕಾಣೋದನ್ನ ಒಬ್ಬರು ಹೇಳಲಿ. ಜನ ಹೇಳುವ ಕಥೆಯನ್ನು ಇನ್ನೊಬ್ಬರು, ನಮ್ಮ ಕಡೆಯ ಮಾತಿನಲ್ಲೇ, ವಯಸ್ಸಾದ ಯಾರಾದರೂ ಹೇಳಲಿ. ಧ್ವನಿ ಬದಲಾಯಿತು ಅಂದ ಕೂಡಲೇ ಕೇಳುವವರಿಗೆ ಇದು ಕಥೆ ಅಂತ ಗೊತ್ತಾಗುತ್ತೆ. "ಆದರೆ ಇದಕ್ಕೆ ಐತಿಹಾಸಿಕ ಆಧಾರವಿಲ್ಲ" ಅಂತ ಪ್ರತಿ ಸಲ ಗಂಟಲು ಕೆರೆಯುವ ಅಗತ್ಯ ಇಲ್ಲ.

ಶಾಸನ ಓದುಗ

ಒಪ್ಪಿದೆ. ಇದು ನನಗೆ ಹೊಳೆದಿರಲಿಲ್ಲ. ಕಪ್ಪೆ ಚೆನ್ನಿಗರಾಯನ ಗುಡಿಯಲ್ಲಿ ಶಾಸನದ ಧ್ವನಿಗೂ ಕೆಲಸ ಇದೆ. ಅದನ್ನು ಕಟ್ಟಿಸಿದವಳು ವಿಷ್ಣುವರ್ಧನನ ರಾಣಿ ಶಾಂತಲೆ. ದೊಡ್ಡ ಗುಡಿ 1117ರಲ್ಲಿ ಗಂಡನದ್ದು, ಪಕ್ಕದ್ದು ಹೆಂಡತಿಯದು. ಬಂದವರೆಲ್ಲ ಶಾಂತಲೆಯ ನಾಟ್ಯದ ಬಗ್ಗೆ ಕೇಳುತ್ತಾರೆ, ಅವಳು ಕಟ್ಟಿಸಿದ ಗುಡಿಯನ್ನು ಮಾತ್ರ ನೋಡದೆ ಹೋಗುತ್ತಾರೆ.

ಮುಳ್ಳಯ್ಯನ ಕಡೆಯವ (ಚಿಕ್ಕಮಗಳೂರು)

ಎಲ್ಲಾ ಹಾಸನಕ್ಕೇ ಮಾಡ್ತೀರಾ, ನಮ್ಮ ಜಿಲ್ಲೆ ಏನು ತಪ್ಪು ಮಾಡಿದೆ? ಚಿಕ್ಕಮಗಳೂರಿಗೆ ಬರುವವರು ಬೆಳಿಗ್ಗೆ ಮುಳ್ಳಯ್ಯನಗಿರಿ, ಮಧ್ಯಾಹ್ನ ಹೋಂಸ್ಟೇ, ಸಂಜೆ ಕಾಫಿಪುಡಿ. ಊರಿನ ಅಂಚಿನಲ್ಲೇ ಹಿರೇಮಗಳೂರು ಇದೆ. ಕೋದಂಡರಾಮನ ಗುಡಿಯಲ್ಲಿ ಕನ್ನಡದಲ್ಲೇ ಪೂಜೆ. ಮರ್ಲೆಯಲ್ಲಿ ಎರಡು ಹೊಯ್ಸಳ ಗುಡಿಗಳಿವೆ, ಚೆನ್ನಕೇಶವ ಮತ್ತು ಸಿದ್ದೇಶ್ವರ. ಹೆಸರು ಕೇಳಿದವರೇ ಕಡಿಮೆ.

ಬೆಳವಾಡಿ ಬಗ್ಗೆ ಹೇಳಲೇಬೇಕು. ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ, ಮೂರು ಗರ್ಭಗುಡಿಯ ತ್ರಿಕೂಟ. ಎರಡನೇ ವೀರಬಲ್ಲಾಳನ ಕಾಲದ್ದು. ಬಾಗಿಲಲ್ಲಿ ಆನೆಗಳು, ಒಳಗೆ ಹೋದರೆ ಸಾಲು ಸಾಲು ಕಡೆದ ಕಂಬಗಳು. ಹಳೇಬೀಡಿಗೆ ಹತ್ತಿರವೇ, ಆದರೂ ಹಳೇಬೀಡಿನ ಜನಜಂಗುಳಿಯಲ್ಲಿ ಕಾಲುಭಾಗ ಕೂಡ ಇಲ್ಲಿಗೆ ಬರಲ್ಲ. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಅಂತ ಊರವರು ಹೇಳುತ್ತಾರೆ. ಅಜ್ಜಿ ಧ್ವನಿಗೆ ಒಳ್ಳೆ ಕೆಲಸ.

ತರೀಕೆರೆ ಹತ್ತಿರದ ಅಮೃತಾಪುರಕ್ಕಂತೂ ಆಡಿಯೋ ಬೇಕೇ ಬೇಕು. ಯಾಕೆ ಅಂದರೆ ಅಲ್ಲಿ ಯಾವ ಕಡೆಯಿಂದ ಸುತ್ತಬೇಕು ಅನ್ನೋದೇ ಸಮಸ್ಯೆ. 1196ರ ಅಮೃತೇಶ್ವರ ಗುಡಿ. ಮಂಟಪದ ಹೊರಗೋಡೆ ಮೇಲೆ ದಕ್ಷಿಣದ ಕಡೆ ರಾಮಾಯಣ 70 ಫಲಕಗಳಲ್ಲಿದೆ. ಉತ್ತರದ ಕಡೆ ಕೃಷ್ಣನ ಕಥೆ 25, ಮಹಾಭಾರತ 45. ಉತ್ತರದ್ದು ನಾವು ಪ್ರದಕ್ಷಿಣೆ ಹಾಕುವ ದಿಕ್ಕಿನಲ್ಲೇ ಸಾಗುತ್ತೆ. ರಾಮಾಯಣ ಮಾತ್ರ ಅಪ್ರದಕ್ಷಿಣೆಯಾಗಿ ಹೋಗುತ್ತೆ! ಗೊತ್ತಿಲ್ಲದೆ ರೂಢಿಯಂತೆ ಸುತ್ತಿದರೆ ಕೊನೆಯಿಂದ ಮೊದಲಿಗೆ ರಾಮಾಯಣ ಓದಿದ ಹಾಗಾಗುತ್ತೆ, ಯಾವುದೂ ತಲೆಬುಡ ಹತ್ತಲ್ಲ. "ಇಲ್ಲಿಂದ ಶುರು ಮಾಡಿ, ಹೀಗೆ ನಡೀರಿ" ಅಂತ ಕಿವಿಯಲ್ಲಿ ಒಬ್ಬರು ಹೇಳಿದರೆ ಆ ಗೋಡೆಯೇ ಬೇರೆ ಥರ ಕಾಣುತ್ತೆ.

ಶಾಸನ ಓದುಗ

ಅಮೃತಾಪುರದ ದೊಡ್ಡ ಶಾಸನದಲ್ಲಿ ಕವಿಚಕ್ರವರ್ತಿ ಜನ್ನನ ಪದ್ಯಗಳಿವೆ. ಯಾರಾದರೂ ಹಳಗನ್ನಡ ಚೆನ್ನಾಗಿ ಓದುವವರಿಂದ ಎರಡು ಪದ್ಯ ಓದಿಸಿ, ಆ ಕಲ್ಲಿನ ಮುಂದೆಯೇ ಕೇಳಲಿ. ಅರ್ಥ ಆಮೇಲೆ ಹೇಳಿದರಾಯಿತು.

ಕಿವಿ ಮಾತು

ನನಗೆ ಕಣ್ಣು ಕಾಣೋದು ತುಂಬಾ ಕಡಿಮೆ. ಹಾಗಾಗಿ ಈ ಚರ್ಚೆಯನ್ನು ಫೋನಿನಲ್ಲಿ ಓದಿಸಿಕೊಂಡು ಕೇಳುತ್ತಿದ್ದೇನೆ. ಒಂದೆರಡು ಮಾತು.

"ಅದ್ಭುತವಾದ ಸೂಕ್ಷ್ಮ ಕೆತ್ತನೆ" ಅಂತ ಬರೆಯುತ್ತೀರಲ್ಲ, ಅದರಿಂದ ನನಗೆ ಏನೂ ಸಿಗಲ್ಲ. ಶಿಲ್ಪ ಎಷ್ಟು ಎತ್ತರ ಇದೆ? ನನ್ನ ಮೊಣಕಾಲಿನಷ್ಟಾ, ಎದೆಯಷ್ಟಾ? ಕೈ ಎಲ್ಲಿದೆ, ಸೊಂಟ ಯಾವ ಕಡೆ ಬಾಗಿದೆ? ಕೆತ್ತನೆ ಗೋಡೆಗೆ ಅಂಟಿಕೊಂಡಿದೆಯಾ, ಹೊರಗೆ ಚಾಚಿಕೊಂಡಿದೆಯಾ? ಕಲ್ಲು ನುಣುಪಾ, ಒರಟಾ? ಇಷ್ಟು ಹೇಳಿದರೆ ನಾನು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತೇನೆ. ಸ್ಮಾರಕ ಮುಟ್ಟಬಾರದು ಅಂತ ನನಗೂ ಗೊತ್ತು, ಅದಕ್ಕೇ ಮಾತು ಬೇಕು.

ಮೆಟ್ಟಿಲು ಬಂದರೆ ಮೊದಲೇ ಹೇಳಿ. ಹೊಯ್ಸಳ ಗುಡಿಗಳ ಜಗತಿಗೆ ಎಷ್ಟೋ ಕಡೆ ಕಂಬಿ ಇಲ್ಲ. ಗೋಡೆ ನೋಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಟ್ಟರೆ ಕಣ್ಣು ಚೆನ್ನಾಗಿರುವವರೂ ಕೆಳಗೆ ಬೀಳುತ್ತಾರೆ. "ಪೂರ್ತಿ ಕಾಣಬೇಕಾದರೆ ಹಿಂದಕ್ಕೆ ಬನ್ನಿ" ಅನ್ನುವ ಮೊದಲು ನೂರು ಸಲ ಯೋಚಿಸಿ. ಎರಡೂ ಕಿವಿಗೆ ಇಯರ್‌ಫೋನ್ ಬೇಡ, ಒಂದು ಕಿವಿ ಸಾಕು ಅಂತ ಶುರುವಿನಲ್ಲೇ ಹೇಳಿ. ಇನ್ನೊಂದು ಕಿವಿಗೆ ಗುಡಿಯ ಗಂಟೆ ಕೇಳಲಿ, ಹಿಂದಿನಿಂದ ಬರುವ ಶಾಲೆ ಮಕ್ಕಳೂ ಕೇಳಲಿ.

ಜಾವಗಲ್ ಟೀಚರ್

ಕಿವಿ ಮಾತು ಅವರೇ, ನೀವು ಹೇಳಿದ್ದು ಎಲ್ಲರಿಗೂ ಬೇಕಾದದ್ದು. ಸೊಂಟ ಯಾವ ಕಡೆ ಬಾಗಿದೆ ಅಂತ ಹೇಳಿದರೆ ಕಣ್ಣಿದ್ದವರೂ ಆಗಲೇ ಸರಿಯಾಗಿ ನೋಡುವುದು.

ಹೊಯ್ಸಳ ಹುಚ್ಚು (ಹಾಸನ)

ಎಲ್ಲ ಓದಿದೆ. ಹಳೇಬೀಡಿನ ಕರಡನ್ನು ಪಕ್ಕಕ್ಕಿಟ್ಟಿದ್ದೇವೆ. ಈಗ ಎಲ್ಲಿಂದ ಶುರು ಅನ್ನೋ ಪ್ರಶ್ನೆಗೇ ವಾಪಸ್ ಬಂದೆವು. ಗೈಡ್ ಅಣ್ಣನವರಿಗೆ ಒಂದು ಪ್ರಶ್ನೆ: ನೀವು ಇಲ್ಲದ ಊರುಗಳಿಂದ ಶುರು ಮಾಡಿದರೆ? ಬೇಲೂರು, ಹಳೇಬೀಡಿನಲ್ಲಿ ಹೇಳುವವರು ಇದ್ದಾರೆ. ದೊಡ್ಡಗದ್ದವಳ್ಳಿ, ಕೋರವಂಗಲ, ಮೊಸಳೆ, ಹಾರನಹಳ್ಳಿ, ಇಲ್ಲೆಲ್ಲ ಬಂದವರು ಇಲಾಖೆಯ ನೀಲಿ ಬೋರ್ಡ್ ಓದಿ ಸುಮ್ನೆ ವಾಪಸ್ ಹೋಗುತ್ತಾರೆ.

ಬೇಲೂರು ಬ್ಯಾಡ್ಜ್

ಇದು ಮಾತು. ಆ ಊರುಗಳಿಗೆ ನಮ್ಮನ್ನು ಯಾರೂ ಕರೆಯೋದೂ ಇಲ್ಲ, ಅಲ್ಲಿ ಕಾದು ಕೂತರೆ ನಮಗೆ ಗಿಟ್ಟೋದೂ ಇಲ್ಲ. ಅಲ್ಲಿ ಮಾಡಿ. ಬೇಕಾದರೆ ನಾನೂ ಧ್ವನಿ ಕೊಡುತ್ತೇನೆ. ಪೆಟ್ರೋಲ್ ಖರ್ಚು ಕೊಟ್ಟರೆ ಸಾಕು.

ದೊಡ್ಡಗದ್ದವಳ್ಳಿಗೆ ಒಂದು ವಿಷಯ ಸೇರಿಸಿ. ನಾಲ್ಕು ಗರ್ಭಗುಡಿಯ ಗುಡಿ ಅದು, ಲಕ್ಷ್ಮಿ ಒಂದು ಕಡೆ, ಕಾಳಿ ಒಂದು ಕಡೆ. ಕಾಳಿ ಬಾಗಿಲ ಹತ್ತಿರ ಬರೀ ಮೂಳೆಯ ಬೇತಾಳಗಳಿವೆ, ಒಳಗೆ ಕತ್ತಲು. ಮಕ್ಕಳಿಗೆ ಮೊದಲೇ ಹೇಳಬೇಡಿ. ಅವರೇ ನೋಡಿ ಕಿರುಚಲಿ.

ಶಾಸನ ಓದುಗ

ಆ ಗುಡಿ ಕಟ್ಟಿಸಿದ್ದು ರಾಜನೂ ಅಲ್ಲ, ದಂಡನಾಯಕನೂ ಅಲ್ಲ. ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಬೇಲೂರಿನ ಗುಡಿಗಿಂತ ಕೆಲವು ವರ್ಷ ಮೊದಲೇ ಆದದ್ದು. ಅರಮನೆ ಬಿಟ್ಟು ಒಂದು ಸಂಸಾರದ ದುಡ್ಡಿನಲ್ಲಿ ಎದ್ದ ಗುಡಿ ಅನ್ನೋದನ್ನ ಮೊದಲ ನಿಮಿಷದಲ್ಲೇ ಹೇಳಿ. ಗಂಡ ಹೆಂಡತಿ ಇಬ್ಬರ ಹೆಸರೂ ಹೇಳಿ.

ಬೆಂಗಳೂರು ಸೇರಿದ ಹಾಸನದವ

ನನ್ನದೊಂದು ತಲೆಕೆಟ್ಟ ಸಲಹೆ. ನೋಡೋಕೆ ಏನೂ ಇಲ್ಲದ ಕಡೆ ಆಡಿಯೋ ಇನ್ನೂ ಜಾಸ್ತಿ ಬೇಕು.

ಹಲ್ಮಿಡಿಗೆ ಹೋಗಿ. ಬೇಲೂರು ತಾಲ್ಲೂಕು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು, ಸುಮಾರು ಕ್ರಿ.ಶ. 450ರದ್ದು, ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಮೂಲ ಕಲ್ಲು ಈಗ ಅಲ್ಲಿಲ್ಲ, ಊರಿನಲ್ಲಿರೋದು ಅದರ ನಕಲು. ಒಂದು ನಿಮಿಷ ನೋಡಿದರೆ ಮುಗಿಯಿತು. ಆದರೆ ಆ 16 ಸಾಲುಗಳನ್ನು ಯಾರಾದರೂ ಗಟ್ಟಿಯಾಗಿ ಓದಿದರೆ? ವಿಜ ಅರಸ ಎಂಬ ವೀರನಿಗೆ ಯುದ್ಧದ ಶೌರ್ಯಕ್ಕೆ ಎರಡು ಹಳ್ಳಿ ಕೊಟ್ಟ ಮಾತು ಅದರಲ್ಲಿದೆ, ಆ ಎರಡರಲ್ಲಿ ಒಂದು ನೀವು ನಿಂತಿರುವ ಊರೇ. ಅಲ್ಲೇ ನಿಂತು ಅದನ್ನು ಕೇಳಬೇಕು.

ಶೆಟ್ಟಿಹಳ್ಳಿ ಚರ್ಚೂ ಅಷ್ಟೇ. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿದ್ದು, ಗೊರೂರಿನ ಹೇಮಾವತಿ ಜಲಾಶಯ ಬಂದ ಮೇಲೆ ಮಳೆಗಾಲದಲ್ಲಿ ನೀರಿನೊಳಗೆ ನಿಲ್ಲುತ್ತೆ. ಎಲ್ಲರೂ ಫೋಟೋ ತೆಗೆಯುತ್ತಾರೆ. ಮುಳುಗಡೆಯಾದ ಹಳ್ಳಿಗಳಿಂದ ಎದ್ದು ಹೋದವರು ಇನ್ನೂ ಇದ್ದಾರೆ ತಾನೇ? ಅವರ ಮಾತನ್ನು ಈಗಲೇ ರೆಕಾರ್ಡ್ ಮಾಡಬೇಕು. ಗುಡಿ ಎಲ್ಲೂ ಹೋಗಲ್ಲ, ಅವರು ಕಾಯಲ್ಲ.

ಅರಸೀಕೆರೆ ಸಾವಿತ್ರಿ ಮೊಮ್ಮಗಳು

ಶೆಟ್ಟಿಹಳ್ಳಿಗೆ ನಾನು ಬರುತ್ತೇನೆ. ಹಿರಿಯರನ್ನು ಮಾತಾಡಿಸೋದು ನನಗೆ ಬರುತ್ತೆ, ಮನೆಯಲ್ಲೇ ಅಭ್ಯಾಸ ಆಗಿದೆ. ಆದರೆ ಅವರ ಒಪ್ಪಿಗೆ ಕೇಳಿ, ರೆಕಾರ್ಡ್ ಮಾಡಿದ್ದನ್ನು ಅವರಿಗೇ ಮೊದಲು ಕೇಳಿಸಿ ಆಮೇಲೆ ಹಾಕೋಣ. ಬೇಡ ಅಂದರೆ ಬೇಡ.

ಕಾಫಿ ಕೋಡರ್ (ಮೂಡಿಗೆರೆ)

ರೆಕಾರ್ಡಿಂಗ್‌ಗೆ ಸ್ಟುಡಿಯೋ ಹುಡುಕಬೇಡಿ. ಬಟ್ಟೆ ತುಂಬಿದ ಬೀರು ಇರುವ ಸಣ್ಣ ಕೋಣೆ, ಫ್ಯಾನ್ ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಸ್ವಲ್ಪ ಓರೆಯಾಗಿ ಹಿಡಿಯಿರಿ. ಎದುರಿಗೇ ಹಿಡಿದರೆ ಪ, ಬ ಅಕ್ಷರ ಬಂದಾಗಲೆಲ್ಲ ಗಾಳಿ ಬಡಿಯುತ್ತೆ. ಜಾಗದಲ್ಲೇ ಹಿರಿಯರ ಮಾತು ಹಿಡಿಯುವಾಗ ಗಾಳಿಗೆ ಬೆನ್ನು ಕೊಟ್ಟು ಕೂರಿಸಿ. ಹಿನ್ನೆಲೆ ಸಂಗೀತ ಬೇಡವೇ ಬೇಡ. ವೀಣೆ ಹಾಕಿದರೆ ನಾನು ಈ ಚರ್ಚೆಯಿಂದ ಹೊರಗೆ.

ಹೊಯ್ಸಳ ಹುಚ್ಚು (ಹಾಸನ)

ವೀಣೆ ಇಲ್ಲ, ಮಾತು ಕೊಟ್ಟೆ.

ಕೋರವಂಗಲದಿಂದ ಶುರು ಮಾಡುತ್ತೇವೆ. ಹಾಸನದಿಂದ ಸುಮಾರು 10 ಕಿ.ಮೀ., ತಿದ್ದೋಕೆ ಮತ್ತೆ ಮತ್ತೆ ಹೋಗಿಬರಬಹುದು. ಬೂಚೇಶ್ವರ ಗುಡಿಗೆ ಬರೆದ ಹೊಸ ಕರಡು ಇದು. ಎರಡು ಫೈಲ್, ಒಂದೊಂದೂ ಎರಡು ನಿಮಿಷದ ಒಳಗೆ.

"ಒಂದು. ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಇರಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ. ಮಂಟಪದ ನಡುವೆ ನಿಲ್ಲಿ. ಪಶ್ಚಿಮಕ್ಕೆ ಮುಖ ಮಾಡಿ. ಎದುರಿಗೆ ಶಿವಲಿಂಗ. ಈಗ ಅಲ್ಲೇ ಪೂರ್ತಿ ಹಿಂದಕ್ಕೆ ತಿರುಗಿ. ಆ ಕಡೆಯೂ ಒಂದು ಗರ್ಭಗುಡಿ ಇದೆ. ಅದು ಸೂರ್ಯನದು. ಶಿವ ಪೂರ್ವಕ್ಕೆ, ಸೂರ್ಯ ಪಶ್ಚಿಮಕ್ಕೆ, ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ನೀವು ನಡುವೆ ಇದ್ದೀರಿ. ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿದು ನೋಡಿ. ಆಮೇಲೆ ಮುಂದಿನ ಫೈಲ್ ಒತ್ತಿ."

"ಎರಡು. ಈ ಗುಡಿ 1173ರದು. ಆ ವರ್ಷ ಎರಡನೇ ವೀರಬಲ್ಲಾಳನಿಗೆ ಪಟ್ಟವಾಯಿತು. ಅವನ ಅಧಿಕಾರಿ ಬೂಚಿ ಆ ಸಂತೋಷಕ್ಕೆ ತನ್ನ ಊರಿನಲ್ಲಿ ಇದನ್ನು ಕಟ್ಟಿಸಿದ. ಅವನ ಅಣ್ಣಂದಿರು ಗೋವಿಂದ, ನಾಕ. ಅವರೂ ಇದೇ ಊರಿನಲ್ಲಿ ಒಂದೊಂದು ಗುಡಿ ಕಟ್ಟಿಸಿದ್ದರು, ಗೋವಿಂದೇಶ್ವರ, ನಾಕೇಶ್ವರ. ಅವೆರಡೂ ಈಗ ಪಾಳು ಬಿದ್ದಿವೆ. ತಮ್ಮನದು ಉಳಿದಿದೆ. ಹೊರಗೆ ಬನ್ನಿ. ಮೆಟ್ಟಿಲಿದೆ, ನಿಧಾನ."

ಶಾಸನ ಓದುಗ

ಮೊದಲ ಕರಡಿಗೂ ಇದಕ್ಕೂ ಆಕಾಶ ಭೂಮಿ ವ್ಯತ್ಯಾಸ. ಎರಡನೇ ಫೈಲಿನಲ್ಲಿ ಶಾಸನದ ಕಲ್ಲುಗಳು ಎಲ್ಲಿವೆ ಅಂತ ತೋರಿಸಿ ಮುಗಿಸಿ. ಬೂಚಿಯ ಹೆಸರು ನಮಗೆ ಗೊತ್ತಾಗಿದ್ದೇ ಅದರಿಂದ.

ಕಿವಿ ಮಾತು

ತಿರುಗಿ ಅಂದಾಗ ನಾನು ಕುರ್ಚಿಯಲ್ಲೇ ತಿರುಗಿದೆ. ಮೆಟ್ಟಿಲು ಎಷ್ಟು, ಯಾವ ಕಡೆ ಅಂತಲೂ ಹೇಳಿಬಿಡಿ.

ಮುಳ್ಳಯ್ಯನ ಕಡೆಯವ (ಚಿಕ್ಕಮಗಳೂರು)

ಸರಿ, ಅಮೃತಾಪುರ ನಮಗೆ ಬಿಡಿ. 70 ಫಲಕ ಅಂದರೆ ಎಲ್ಲದಕ್ಕೂ ಮಾತು ಬೇಡ, ಹತ್ತು ಹನ್ನೆರಡು ಆರಿಸುತ್ತೇವೆ. ಟೀಚರಮ್ಮ, ಯಾವ ಪ್ರಸಂಗಗಳನ್ನು ಮಕ್ಕಳು ತಾವೇ ಗುರುತು ಹಿಡಿಯುತ್ತಾರೆ ಅಂತ ನೀವೇ ಒಂದು ಪಟ್ಟಿ ಕಳಿಸಿ. ಅವನ್ನು ಪ್ರಶ್ನೆ ಮಾಡುತ್ತೇವೆ, ಉಳಿದವನ್ನು ಹೇಳುತ್ತೇವೆ.

ಬೇಲೂರು ಬ್ಯಾಡ್ಜ್

ಈ ಭಾನುವಾರ ಬೆಳಿಗ್ಗೆ ನನಗೆ ಒಂದು ಗುಂಪು ಇದೆ, ಮಧ್ಯಾಹ್ನ ಖಾಲಿ. ಕೋರವಂಗಲಕ್ಕೆ ಬರುತ್ತೇನೆ. ಗುಡಿ ತೆರೆದಿರುತ್ತಾ ಅಂತ ಮಾತ್ರ ಮುಂಚೆ ವಿಚಾರಿಸಿ. ಚಿಕ್ಕ ಊರುಗಳಲ್ಲಿ ಅರ್ಚಕರು ಊಟಕ್ಕೆ ಹೋಗಿದ್ದರೆ ಕಾಯಬೇಕಾಗುತ್ತೆ. ಆಡಿಯೋ ಶುರುವಿನಲ್ಲೇ ಅದನ್ನೂ ಹೇಳಿಬಿಡಿ.